ಸಣ್ಣ ಎಂಜಿನ್ ಮತ್ತು ಟ್ಯಾಂಕಿಗೆ ಸುರಿಯುವ ಅಡಿಟಿವ್

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ ಹೋಬಳಿಯಂತಹ ಅರೆಮಲೆನಾಡಿನ ಸೀಮೆಯಲ್ಲಿ ಪೆಟ್ರೋಲ್ ಎಂಜಿನ್ ಎಂದರೆ ಕೇವಲ ಸ್ಕೂಟರ್ ಅಲ್ಲ. ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನು ಒಯ್ಯುವ ಟಿವಿಎಸ್ ಎಕ್ಸೆಲ್, ಆಲೂಗಡ್ಡೆಗೆ ಅಂಗಮಾರಿ ತಗುಲದಂತೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರ್, ತೋಟದ ಕಳೆ ಕೊಚ್ಚುವ ಬ್ರಷ್ ಕಟರ್, ಸಾಲಿನ ನಡುವೆ ಮಣ್ಣು ಸಡಿಲಿಸುವ ಪವರ್ ವೀಡರ್, ಕಟ್ಟೆಯಿಂದ ನೀರೆತ್ತುವ ಸಣ್ಣ ಪಂಪು, ಇವೆಲ್ಲವೂ ಒಂದೇ ಬಂಕಿನಿಂದ ತಂದ ಪೆಟ್ರೋಲಿನಿಂದಲೇ ಓಡುತ್ತವೆ. ಸ್ಕೂಟರು ದಿನವೂ ಓಡುವುದರಿಂದ ಅದರ ಟ್ಯಾಂಕಿನ ಪೆಟ್ರೋಲ್ ವಾರದೊಳಗೆ ಖಾಲಿಯಾಗಿ ಹೊಸದು ಬರುತ್ತದೆ. ಸ್ಪ್ರೇಯರ್ ಮತ್ತು ಕಟರ್‌ಗಳು ಹಂಗಾಮಿನಲ್ಲಿ ಕೆಲವು ವಾರ ದುಡಿದು, ಉಳಿದ ತಿಂಗಳೆಲ್ಲ ಟ್ಯಾಂಕಿನಲ್ಲಿ ಅರೆಬರೆ ಪೆಟ್ರೋಲನ್ನು ಇಟ್ಟುಕೊಂಡೇ ಅಟ್ಟದ ಮೇಲೋ ಕೊಟ್ಟಿಗೆಯ ಮೂಲೆಯಲ್ಲೋ ಕೂರುತ್ತವೆ. ಸಣ್ಣ ಎಂಜಿನ್‌ಗಳ ತೊಂದರೆಯಲ್ಲಿ ದೊಡ್ಡ ಪಾಲು ಹುಟ್ಟುವುದು ಓಡುವಾಗ ಅಲ್ಲ, ಹೀಗೆ ಸುಮ್ಮನೆ ನಿಂತಿರುವಾಗ. ಬಂಕಿನಲ್ಲಿ ಮತ್ತು ಬಿಡಿಭಾಗದ ಅಂಗಡಿಯಲ್ಲಿ ಸಣ್ಣ ಬಾಟಲಿಗಳಲ್ಲಿ ಮಾರುವ ಇಂಧನ ಅಡಿಟಿವ್‌ಗಳಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಈ ವ್ಯತ್ಯಾಸದ ಬೆಳಕಿನಲ್ಲಿ ನೋಡಿದರೆ ಮಾತ್ರ ಅವುಗಳಿಗೆ ಹಾಕುವ ಹಣಕ್ಕೆ ಬೆಲೆ ಬರುತ್ತದೆ.

ಅಡಿಟಿವ್ ಎಂದರೆ ಇಂಧನಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ ಅದರ ಒಂದು ಗುಣವನ್ನು ಬದಲಿಸುವ ರಾಸಾಯನಿಕ. ಹೆಸರು ಒಂದೇ ಆದರೂ ಕೆಲಸ ಬೇರೆಬೇರೆ. ಪೆಟ್ರೋಲ್ ಹಳಸುವುದನ್ನು ನಿಧಾನಗೊಳಿಸುವುದು ಸ್ಟೆಬಿಲೈಸರ್; ಎಂಜಿನ್ನಿನೊಳಗೆ ಕೂತ ಮಸಿಯನ್ನೂ ಅಂಟನ್ನೂ ಕರಗಿಸುವುದು ಡಿಟರ್ಜೆಂಟ್; ಸಿಲಿಂಡರಿನಲ್ಲಿ ಇಂಧನ ಅಕಾಲದಲ್ಲಿ ಸ್ಫೋಟಿಸುವ ನಾಕಿಂಗ್ ಎಂಬ ಬಡಿತವನ್ನು ತಡೆಯುವುದು ಆಕ್ಟೇನ್ ಬೂಸ್ಟರ್; ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುವುದು ಇನ್ನೊಂದು ವರ್ಗ. ಇವುಗಳ ಪೈಕಿ ಒಂದರ ಕೆಲಸವನ್ನು ಮತ್ತೊಂದು ಮಾಡದು. ಸ್ಟಾರ್ಟ್ ಆಗದ ಎಂಜಿನ್ನಿಗೂ, ಪಿಕಪ್ ಕಳೆದುಕೊಂಡ ಸ್ಕೂಟರಿಗೂ, ಮೈಲೇಜ್ ಕುಸಿದ ಬೈಕಿಗೂ ಒಂದೇ ಬಾಟಲಿ ಸುರಿಯುವ ಅಭ್ಯಾಸದಿಂದ ರೈತರ ಹಣ ಹೋಗುವುದಲ್ಲದೆ, ನಿಜವಾದ ದೋಷ ಬಲಿಯಲು ಸಮಯವೂ ಸಿಗುತ್ತದೆ.

ಪೆಟ್ರೋಲ್ ಹಳಸುವುದು ಎಂದರೇನು ಎಂಬುದನ್ನು ಮೊದಲು ತಿಳಿಯಬೇಕು. ಅದು ಒಂದೇ ದ್ರವವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅವುಗಳಲ್ಲಿ ಒಲಿಫಿನ್ ಎಂಬ ಗುಂಪಿನ ಅಣುಗಳು ಗಾಳಿಯ ಆಮ್ಲಜನಕದೊಂದಿಗೆ ನಿಧಾನವಾಗಿ ಕೂಡಿಕೊಂಡು, ಒಂದಕ್ಕೊಂದು ಹೆಣೆದು, ಕೊನೆಗೆ ಗಮ್ ಎಂದು ಕರೆಯುವ ಅಂಟಾಗುತ್ತವೆ. ಅದೇ ವೇಳೆಗೆ ಬೇಗ ಆವಿಯಾಗುವ ಹಗುರ ಅಂಶಗಳು ಹಾರಿಹೋಗಿ, ತಣ್ಣಗಿನ ಎಂಜಿನ್ನನ್ನು ಹೊತ್ತಿಸುವ ಶಕ್ತಿ ಕುಗ್ಗುತ್ತದೆ. ಟ್ಯಾಂಕಿನಷ್ಟು ದೊಡ್ಡ ಪ್ರಮಾಣದಲ್ಲಿ ಈ ಬದಲಾವಣೆ ತಡವಾಗಿ ಕಾಣುತ್ತದೆ, ಆದರೆ ಕಾರ್ಬೊರೇಟರಿನ ತಳದ ಬಟ್ಟಲಿನಲ್ಲಿ ಉಳಿದ ಒಂದೆರಡು ಚಮಚ ಪೆಟ್ರೋಲ್ ಕೆಲವೇ ವಾರಗಳಲ್ಲಿ ಬತ್ತಿ, ತಳದಲ್ಲಿ ಜೇನಿನ ಬಣ್ಣದ ಪೊರೆಯನ್ನು ಬಿಡುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ಪೆಟ್ರೋಲ್ ಹಾಯಿಸುವ ಸ್ಲೋ ಜೆಟ್ಟಿನ ರಂಧ್ರ ಅರ್ಧ ಮಿಲಿಮೀಟರಿಗಿಂತಲೂ ಚಿಕ್ಕದು, ಹೊಲಿಗೆಯ ಸೂಜಿಯ ಮೊನೆಯೂ ಕಷ್ಟಪಟ್ಟು ತೂರುವಂಥದ್ದು. ಈ ಪೊರೆಯ ಒಂದು ಪದರ ಅದರ ಒಳಗೋಡೆಗೆ ಅಂಟಿದರೂ ಸಾಕು, ಚೋಕ್ ಎಳೆದರೆ ಹೊತ್ತಿಕೊಂಡು, ಚೋಕ್ ಬಿಟ್ಟೊಡನೆ ಆಫ್ ಆಗುವ ಎಂಜಿನ್ ಸಿದ್ಧವಾಗುತ್ತದೆ. ಗ್ಯಾರೇಜಿನಲ್ಲಿ ಜೆಟ್ ಕಟ್ಟಿಕೊಂಡಿದೆ ಎನ್ನುವುದು ಇದನ್ನೇ.

ಸ್ಟೆಬಿಲೈಸರಿನಲ್ಲಿ ಮುಖ್ಯವಾಗಿ ಇರುವುದು ಆಮ್ಲಜನಕದ ಈ ದಾಳಿಯನ್ನು ಮಧ್ಯದಲ್ಲೇ ತಡೆಯುವ ಉತ್ಕರ್ಷಣ ನಿರೋಧಕಗಳು, ಅಂದರೆ ಫೀನಾಲ್ ಅಥವಾ ಅಮೀನ್ ವರ್ಗದ ಸಂಯುಕ್ತಗಳು. ಸಂಸ್ಕರಣಾಗಾರದಲ್ಲಿಯೇ ಪೆಟ್ರೋಲಿಗೆ ಸ್ವಲ್ಪ ಮಟ್ಟಿಗೆ ಇವನ್ನು ಸೇರಿಸುವುದುಂಟು. ಅಂಗಡಿಯ ಬಾಟಲಿ ಅದರ ಪ್ರಮಾಣವನ್ನು ಹೆಚ್ಚಿಸುತ್ತದೆ. ಇದು ನಿಜವಾಗಿ ಕೆಲಸ ಮಾಡುವ ಅಡಿಟಿವ್, ಆದರೆ ಎರಡು ಷರತ್ತುಗಳ ಮೇಲೆ. ಒಂದು, ತಾಜಾ ಪೆಟ್ರೋಲಿಗೇ ಬೆರೆಸಬೇಕು. ಅಂಟು ಕಟ್ಟಿದ ಮೇಲೆ ಸುರಿದರೆ ಹಾಳಾದ ಅಣುಗಳು ಹಿಂದಿನ ರೂಪಕ್ಕೆ ಬರುವುದಿಲ್ಲ. ಎರಡು, ಬೆರೆಸಿದ ನಂತರ ಎಂಜಿನ್ನನ್ನು ಕೆಲವು ನಿಮಿಷ ಓಡಿಸಿ, ಸ್ಟೆಬಿಲೈಸರ್ ಕೂಡಿದ ಪೆಟ್ರೋಲ್ ಪೈಪು ಮತ್ತು ಕಾರ್ಬೊರೇಟರಿನ ಬಟ್ಟಲಿಗೆ ತಲುಪುವಂತೆ ಮಾಡಬೇಕು, ಇಲ್ಲವಾದರೆ ಟ್ಯಾಂಕು ಮಾತ್ರ ಉಳಿದು ಜೆಟ್ಟು ಕಟ್ಟಿಕೊಳ್ಳುತ್ತದೆ. ಬಹುಪಾಲು ಸಣ್ಣ ಎಂಜಿನ್ ತಯಾರಕರು ತಮ್ಮ ಕೈಪಿಡಿಗಳಲ್ಲಿ 30 ದಿನಕ್ಕಿಂತ ಹಳೆಯ ಪೆಟ್ರೋಲನ್ನು ಬಳಸಬಾರದೆಂದೋ, ಸ್ಟೆಬಿಲೈಸರ್ ಸೇರಿಸಬೇಕೆಂದೋ ಹೇಳುತ್ತಾರೆ. ಮುಂಗಾರಿನ ಆಲೂಗಡ್ಡೆ ಬೆಳೆ ಮೇ–ಜೂನ್‌ನಲ್ಲಿ ನೆಲಕ್ಕೆ ಬಿದ್ದು ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ಕೈಗೆ ಬರುವ ಅರಕಲಗೂಡು ಸೀಮೆಯಲ್ಲಿ, ಬೇರೆ ಬೆಳೆಗೆ ಬಳಸದ ಸ್ಪ್ರೇಯರ್ ಮುಂದಿನ ಮಳೆಗಾಲದವರೆಗೂ ಕೂರುತ್ತದೆ ಎಂಬುದನ್ನು ನೆನೆದರೆ, ಸ್ಟೆಬಿಲೈಸರಿನ ಪ್ರಯೋಜನ ದಿನವೂ ಓಡುವ ಸ್ಕೂಟರಿಗಿಂತ ಇಂತಹ ಯಂತ್ರಕ್ಕೇ ಹೆಚ್ಚು ಎಂಬುದು ತಿಳಿಯುತ್ತದೆ.

ಅಡಿಟಿವ್‌ಗಳ ಚರಿತ್ರೆಯಲ್ಲಿ ಎಚ್ಚರಿಕೆಯ ಒಂದು ಪುಟವೂ ಇದೆ. 1921ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಥಾಮಸ್ ಮಿಡ್ಗ್ಲಿ ಎಂಬ ಎಂಜಿನಿಯರ್ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ನಾಕಿಂಗನ್ನು ತಡೆಯುತ್ತದೆ ಎಂಬುದನ್ನು ಕಂಡುಕೊಂಡರು. ಕೆಲಸದ ಮಟ್ಟಿಗೆ ಅದು ಸಮರ್ಥವಾಗಿತ್ತು, ಅಗ್ಗವೂ ಆಗಿತ್ತು. ಆದರೆ ಹೊಗೆಯೊಂದಿಗೆ ಹೊರಬಿದ್ದ ಸೀಸ ಮಕ್ಕಳ ಮಿದುಳಿಗೂ ನರಗಳಿಗೂ ವಿಷವಾಯಿತು. ಭಾರತದಲ್ಲಿ ಸೀಸದ ಪೆಟ್ರೋಲ್ ಮಾರಾಟ 2000ದ ಫೆಬ್ರವರಿ 1ರಿಂದ ನಿಂತಿತು. ಜಗತ್ತಿನಲ್ಲಿ ಕೊನೆಯದಾಗಿ ಅಲ್ಜೀರಿಯಾ ಅದನ್ನು ಕೈಬಿಟ್ಟದ್ದು 2021ರ ಜುಲೈಯಲ್ಲಿ. ಇಂದಿಗೂ ಕೆಲವು ಆಕ್ಟೇನ್ ಬೂಸ್ಟರ್‌ಗಳಲ್ಲಿ ಮ್ಯಾಂಗನೀಸ್ ಅಥವಾ ಕಬ್ಬಿಣದ ಸಂಯುಕ್ತ ಇರುತ್ತದೆ, ಅದು ಉರಿದ ಮೇಲೆ ಸ್ಪಾರ್ಕ್ ಪ್ಲಗ್ಗಿನ ಮೇಲೆ ಕೆಂಪು ಛಾಯೆಯ ಲೇಪವಾಗಿ ಕೂರುತ್ತದೆ.

ಈಗಿನ ಮುಖ್ಯ ಬದಲಾವಣೆ ಸೀಸದ್ದಲ್ಲ, ಎಥೆನಾಲಿನದು. ಕಬ್ಬು, ಮೆಕ್ಕೆಜೋಳ ಅಥವಾ ಅಕ್ಕಿಯಿಂದ ತೆಗೆಯುವ ಮದ್ಯಸಾರವೇ ಎಥೆನಾಲ್. ಅದನ್ನು ಪೆಟ್ರೋಲಿಗೆ ಬೆರೆಸುವ ವಿಚಾರ ಹೊಸದಲ್ಲ. 1948ರಲ್ಲಿಯೇ ಭಾರತ ಸರ್ಕಾರ ಪವರ್ ಆಲ್ಕೋಹಾಲ್ ಕಾಯ್ದೆಯನ್ನು ತಂದಿತ್ತು. ಆದರೆ ದೇಶದ ಎಲ್ಲ ಟ್ಯಾಂಕುಗಳಿಗೂ ಅದು ತಲುಪಿದ್ದು ಈಚೆಗೆ: 2022ರ ಜೂನ್ ವೇಳೆಗೆ ಸರಾಸರಿ ಬೆರಕೆ ಶೇ. 10ಕ್ಕೆ ಮುಟ್ಟಿತು, ಶೇ. 20ರ ಬೆರಕೆಯ ಇ20 ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು, 2025ರ ಹೊತ್ತಿಗೆ ಅದೇ ಸಾಮಾನ್ಯ ಪೆಟ್ರೋಲಾಯಿತು. ಹಾಸನ ಜಿಲ್ಲೆಗೆ ಇದರಲ್ಲಿ ಎರಡು ಬಗೆಯ ನಂಟಿದೆ. ಇಲ್ಲಿನ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳ ಎಥೆನಾಲಿನ ಕಚ್ಚಾವಸ್ತುಗಳಲ್ಲೊಂದು. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಹೋಗುವ, 2003ರಲ್ಲಿ ಕಾರ್ಯಾರಂಭ ಮಾಡಿದ ಸುಮಾರು 362 ಕಿ.ಮೀ. ಉದ್ದದ ಪೈಪ್‌ಲೈನ್ ಪೆಟ್ರೋಲಿಯಂ ಉತ್ಪನ್ನಗಳನ್ನು ಘಟ್ಟ ಹತ್ತಿಸುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಎಥೆನಾಲನ್ನು ಮಾತ್ರ ಇಂತಹ ಕೊಳವೆಗಳಲ್ಲಿ ಹಾಯಿಸದೆ, ಡಿಪೋಗಳಿಗೆ ಟ್ಯಾಂಕರಿನಲ್ಲಿ ತಂದು ಕೊನೆಯ ಹಂತದಲ್ಲಿ ಪೆಟ್ರೋಲಿಗೆ ಬೆರೆಸುತ್ತಾರೆ. ಇದಕ್ಕೆ ಒಂದು ಮುಖ್ಯ ಕಾರಣ ಎಥೆನಾಲಿಗಿರುವ ನೀರಿನ ಸೆಳೆತ. ಅಷ್ಟು ದೊಡ್ಡ ವ್ಯವಸ್ಥೆಯೇ ಅಂಜುವ ಈ ಗುಣ ರೈತನ ಅಟ್ಟದ ಮೇಲಿನ ಎರಡು ಲೀಟರಿನ ಟ್ಯಾಂಕಿನಲ್ಲಿಯೂ ಹಾಗೆಯೇ ಇರುತ್ತದೆ.

ಹಿಂದಿನ ಶುದ್ಧ ಪೆಟ್ರೋಲಿನಲ್ಲಿ ನೀರು ಬೆರೆಯುತ್ತಲೇ ಇರಲಿಲ್ಲ. ಹನಿ ನೀರು ಬಿದ್ದರೆ ತಳಕ್ಕೆ ಇಳಿದು ಅಲ್ಲಿಯೇ ಕೂರುತ್ತಿತ್ತು. ಎಥೆನಾಲ್ ಇರುವ ಪೆಟ್ರೋಲ್ ಸ್ವಲ್ಪ ನೀರನ್ನು ತನ್ನೊಳಗೆ ಕರಗಿಸಿಕೊಂಡು ಕಣ್ಣಿಗೆ ಕಾಣದಂತೆ ಇಟ್ಟುಕೊಳ್ಳುತ್ತದೆ. ಶೇ. 10ರ ಬೆರಕೆಯಾದರೆ ತಂಪು ಹವೆಯಲ್ಲಿ ಒಂದು ಲೀಟರಿಗೆ ಸುಮಾರು 5 ಮಿಲಿಲೀಟರ್ ನೀರಿನವರೆಗೆ ಹೀಗೆ ನಡೆಯುತ್ತದೆ. ಇ20 ಅದಕ್ಕಿಂತ ಹೆಚ್ಚು ತಾಳುತ್ತದೆ. ಆ ಮಿತಿ ದಾಟಿದೊಡನೆ, ಅಥವಾ ಮಿತಿಯ ಅಂಚಿನಲ್ಲಿದ್ದಾಗ ರಾತ್ರಿಯ ಚಳಿಗೆ ಇಂಧನ ತಣಿದೊಡನೆ, ನೀರು ತನ್ನ ಜೊತೆಗೆ ಎಥೆನಾಲನ್ನೂ ಎಳೆದುಕೊಂಡು ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ. ಮೇಲುಳಿದ ಪೆಟ್ರೋಲಿನ ಆಕ್ಟೇನ್, ಅಂದರೆ ನಾಕಿಂಗ್ ತಡೆಯುವ ಗುಣ, ಕುಸಿದಿರುತ್ತದೆ, ಕೆಳಗಿನ ಪದರ ಹೊತ್ತಿಕೊಳ್ಳುವುದೇ ಕಷ್ಟ. ಗಾಳಿಯ ತೇವವೊಂದರಿಂದಲೇ ಇದು ಆಗಲು ತಿಂಗಳುಗಳು ಬೇಕು. ಸಾಮಾನ್ಯವಾಗಿ ನಡೆಯುವುದು ಬೇರೆ ರೀತಿ. ಮುಚ್ಚಳದ ವಾಷರ್ ಸವೆದ ಸ್ಕೂಟರು ಮಳೆಯಲ್ಲಿ ನಿಂತಿರುತ್ತದೆ, ತೊಳೆಯುವಾಗ ಜೋರು ನೀರು ಮುಚ್ಚಳದ ಸಂದಿಗೆ ಬಿದ್ದಿರುತ್ತದೆ, ಇಲ್ಲವೇ ಒದ್ದೆಯಿದ್ದ ಕ್ಯಾನಿಗೆ ಪೆಟ್ರೋಲ್ ತುಂಬಲಾಗಿರುತ್ತದೆ.

ಎರಡು ಸ್ಟ್ರೋಕಿನ ಎಂಜಿನ್ನಿಗೆ ಈ ಬೇರ್ಪಡಿಕೆ ಮಾರಕವಾಗಬಲ್ಲದು, ಮತ್ತು ಈ ಸಂಗತಿಗೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಅನೇಕ ಬ್ರಷ್ ಕಟರ್‌ಗಳಲ್ಲಿ, ಮರ ಕೊಯ್ಯುವ ಗರಗಸಗಳಲ್ಲಿ ಮತ್ತು ಇನ್ನೂ ಓಡುತ್ತಿರುವ ಹಳೆಯ ಎಕ್ಸೆಲ್‌ಗಳಲ್ಲಿ ಎಂಜಿನ್ ಆಯಿಲಿಗೆ ಪ್ರತ್ಯೇಕ ಜಾಗವಿಲ್ಲ. ಪೆಟ್ರೋಲಿಗೆ ಬೆರೆಸಿದ 2ಟಿ ಆಯಿಲೇ ಪಿಸ್ಟನ್ನು, ಬೇರಿಂಗುಗಳನ್ನು ನಯವಾಗಿಡಬೇಕು. 50ಕ್ಕೆ 1ರ ಮಿಶ್ರಣವೆಂದರೆ ಲೀಟರಿಗೆ 20 ಮಿಲಿಲೀಟರ್ ಆಯಿಲ್. ಇಂಧನ ಬೇರ್ಪಟ್ಟಾಗ ಈ ಆಯಿಲ್ ಮೇಲಿನ ಪೆಟ್ರೋಲಿನ ಪದರದಲ್ಲಿಯೇ ಉಳಿಯುತ್ತದೆ, ಎಥೆನಾಲು–ನೀರಿನ ಕೆಳಪದರಕ್ಕೆ ಅದು ಸೇರುವುದಿಲ್ಲ. ಕಟರಿನ ಟ್ಯಾಂಕಿನೊಳಗೆ ಪೆಟ್ರೋಲ್ ಹೀರುವ ಕೊಳವೆಯ ತುದಿಯಲ್ಲಿ ಭಾರವಾದ ಫಿಲ್ಟರ್ ಇದ್ದು ಅದು ಸದಾ ತಳಕ್ಕೆ ಜೋತುಬಿದ್ದಿರುವುದರಿಂದ, ಎಂಜಿನ್ ಮೊದಲು ಹೀರುವುದೇ ಆಯಿಲಿಲ್ಲದ ಈ ಕೆಳಪದರವನ್ನು. ಎಂಜಿನ್ ಹೊತ್ತಿಕೊಳ್ಳದಿದ್ದರೆ ಅದೃಷ್ಟ. ಹೇಗೋ ಹೊತ್ತಿಕೊಂಡು ಓಡಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ ಸಂಭವವಿದೆ. ಯಾವ ಅಡಿಟಿವ್ ಸುರಿದರೂ ಬೇರ್ಪಟ್ಟ ಇಂಧನವನ್ನು ನಂಬಿ ಓಡಿಸುವ ಸ್ಥಿತಿಗೆ ಮರಳಿ ತರಲಾಗದು. ನೀರು ತೆಗೆಯುತ್ತದೆಂದು ಮಾರುವ ಕೆಲವು ಬಾಟಲಿಗಳಲ್ಲಿ ಇರುವುದು ಇನ್ನೊಂದು ಬಗೆಯ ಆಲ್ಕೋಹಾಲ್. ಶುದ್ಧ ಪೆಟ್ರೋಲಿನ ಕಾಲದಲ್ಲಿ ಅದಕ್ಕೆ ಅರ್ಥವಿತ್ತು, ಐದನೆಯ ಒಂದು ಪಾಲು ಎಥೆನಾಲೇ ಇರುವ ಪೆಟ್ರೋಲಿಗೆ ಇನ್ನೊಂದು ಚಮಚ ಆಲ್ಕೋಹಾಲ್ ಸೇರಿಸುವುದರಿಂದ ಹೆಚ್ಚಿನದೇನೂ ಆಗದು.

ಪೆಟ್ರೋಲಿನಲ್ಲಿ ಎಷ್ಟು ಎಥೆನಾಲ್ ಇದೆ ಎಂಬುದನ್ನು ಯಾರು ಬೇಕಾದರೂ ಅಂದಾಜು ಮಾಡಬಹುದು. ಮಿಲಿಲೀಟರ್ ಗುರುತಿರುವ ಉದ್ದನೆಯ ಗಾಜಿನ ಅಳತೆಪಾತ್ರೆಯಲ್ಲಿ 10 ಮಿಲಿಲೀಟರ್ ನೀರು ಹಾಕಿ, ಅದರ ಮೇಲೆ 100 ಮಿಲಿಲೀಟರ್ ಪೆಟ್ರೋಲ್ ಸುರಿದು, ಬಾಯಿ ಮುಚ್ಚಿ ಮೆಲ್ಲಗೆ ಕುಲುಕಿ, ಹತ್ತು ನಿಮಿಷ ಅಲುಗಿಸದೆ ಇಟ್ಟರೆ ಎರಡು ಪದರಗಳ ನಡುವೆ ಸ್ಪಷ್ಟ ಗೆರೆ ಮೂಡುತ್ತದೆ. ಎಥೆನಾಲ್ ಇಲ್ಲದ ಪೆಟ್ರೋಲಾದರೆ ಗೆರೆ 10ರಲ್ಲಿಯೇ ನಿಲ್ಲುತ್ತದೆ. ಇ20 ಆದರೆ ಎಥೆನಾಲೆಲ್ಲ ನೀರಿನ ಕಡೆಗೆ ಸರಿದು ಗೆರೆ 30ರ ಹತ್ತಿರಕ್ಕೆ ಏರುತ್ತದೆ. ಬೆಂಕಿಯಿಂದಲೂ ಮೊಬೈಲಿನಿಂದಲೂ ದೂರ, ಬಯಲಿನಲ್ಲಿ ಮಾಡಬೇಕಾದ ಪರೀಕ್ಷೆ ಇದು, ಮತ್ತು ಪಾತ್ರೆಯಲ್ಲಿರುವುದನ್ನು ಯಾವ ಕಾರಣಕ್ಕೂ ಟ್ಯಾಂಕಿಗೆ ಮರಳಿ ಸುರಿಯಬಾರದು. ಇದೇ ಗೆರೆಯನ್ನು ಕಂಡು ಬಂಕಿನಲ್ಲಿ ನೀರು ಬೆರೆಸಿದ್ದಾರೆ ಎಂದು ತೀರ್ಮಾನಿಸುವುದು ತಪ್ಪು, ಏಕೆಂದರೆ ಕೆಳಪದರ ಬೆಳೆದದ್ದು ಎಥೆನಾಲಿನಿಂದ. ಕುಲುಕುವ ಮೊದಲೇ, ನೀರು ಹಾಕದೆಯೇ, ಬರಿಯ ಪೆಟ್ರೋಲಿನ ತಳದಲ್ಲಿ ಪದರ ಕಂಡರೆ ಮಾತ್ರ ಅದು ದೂರು ಕೊಡುವ ವಿಷಯ.

ಎಥೆನಾಲಿನ ಉಳಿದ ಪರಿಣಾಮಗಳಲ್ಲಿ ಮೈಲೇಜಿನದು ಎಲ್ಲರ ಬಾಯಲ್ಲಿದೆ. ಅದರ ಶಕ್ತಿಯ ಅಂಶ ಅಷ್ಟೇ ಅಳತೆಯ ಪೆಟ್ರೋಲಿನ ಸುಮಾರು ಮೂರನೆಯ ಎರಡು ಪಾಲು. ಹಳೆಯ ಪೆಟ್ರೋಲಿಗೆಂದು ರೂಪಿಸಿ ಶೇ. 10ರ ಬೆರಕೆಗೆ ಹೊಂದಿಸಿದ ದ್ವಿಚಕ್ರ ವಾಹನಗಳಲ್ಲಿ ಇ20ರಿಂದ ಮೈಲೇಜ್ ಶೇ. 3–4ರಷ್ಟು ಇಳಿಯಬಹುದೆಂದು ನೀತಿ ಆಯೋಗ 2021ರಲ್ಲಿ ಹೊರತಂದ ವರದಿಯೇ ಅಂದಾಜಿಸಿತ್ತು. ಹೀಗೆ ಕಡಿಮೆಯಾದ ಶಕ್ತಿಯನ್ನು ಯಾವ ಬಾಟಲಿಯೂ ತುಂಬಿಕೊಡದು. ಕಾರ್ಬೊರೇಟರ್ ಎಂಜಿನ್‌ಗಳಲ್ಲಿ ಮಿಶ್ರಣ ತೆಳುವಾಗಿ ಎಂಜಿನ್ ಹೆಚ್ಚು ಕಾಯುವುದು, ಹಳೆಯ ರಬ್ಬರ್ ಪೈಪು ಉಬ್ಬುವುದು, ಕಟರಿನ ಕಾರ್ಬೊರೇಟರಿನಲ್ಲಿ ಒತ್ತುವ ಪ್ರೈಮರ್ ಬಲ್ಬ್ ಗಡಸಾಗಿ ಬಿರಿಯುವುದು, ಇವು ಬಿಡಿಭಾಗ ಬದಲಿಸಿ ಅಥವಾ ಜೆಟ್ ಸರಿಹೊಂದಿಸಿ ನಿವಾರಿಸಬೇಕಾದ ತೊಂದರೆಗಳು. ಕಾರ್ಬೊರೇಟರಿನ ಬಟ್ಟಲು ಬಿಚ್ಚಿದಾಗ ಸುಣ್ಣದಂತಹ ಬಿಳಿಪುಡಿ ಕಂಡರೆ ಅದು ಲೋಹ ಕೊರೆದುಹೋಗುತ್ತಿರುವ ಗುರುತು. ಇಲ್ಲಿ ಮಾತ್ರ ತುಕ್ಕುನಿರೋಧಕ ಇರುವ, ಎಥೆನಾಲ್ ಪೆಟ್ರೋಲಿಗೆಂದೇ ತಯಾರಾದ ಸ್ಟೆಬಿಲೈಸರ್ ಮುಂದಿನ ಹಾನಿಯನ್ನು ತಗ್ಗಿಸಬಲ್ಲದು.

ಡಿಟರ್ಜೆಂಟುಗಳ ಕಥೆ ಬೇರೆ. 2020ರ ಏಪ್ರಿಲ್ 1ರಿಂದ ವಾಹನಗಳ ಹೊಗೆಯನ್ನು ಮಿತಿಗೊಳಿಸುವ ಬಿಎಸ್ 6 ನಿಯಮ ಜಾರಿಯಾದ ಮೇಲೆ ಬಂದ ಸ್ಕೂಟರುಗಳಲ್ಲಿ ಬಹುತೇಕ ಎಲ್ಲವೂ ಕಾರ್ಬೊರೇಟರ್ ಬಿಟ್ಟು ಫ್ಯೂಯಲ್ ಇಂಜೆಕ್ಷನ್ನಿಗೆ ಬದಲಾದವು. ಇಂಜೆಕ್ಟರಿನ ತುದಿಯಲ್ಲಿ, ಒಳಸೇರುವ ವಾಲ್ವಿನ ಬೆನ್ನ ಮೇಲೆ ಕಾಲಕ್ರಮದಲ್ಲಿ ಕರಿ ಕೂರುತ್ತದೆ. ಪಾಲಿಈಥರ್ ಅಮೀನ್ ಎಂಬ ರಾಸಾಯನಿಕ ಇಂತಹ ಕರಿಯನ್ನು ಕರಗಿಸುವುದರಲ್ಲಿ ಹೆಸರಾದದ್ದು. ಅದು 1980ರ ದಶಕದಿಂದ ಬಳಕೆಯಲ್ಲಿದೆ. ಕೊಳ್ಳುವವರು ಬಾಟಲಿಯ ಮೇಲೆ ಈ ಹೆಸರು ಇದೆಯೇ ಎಂದು ನೋಡುವುದು ಒಳ್ಳೆಯದು, ಏಕೆಂದರೆ ಒಳಗೆ ಏನಿದೆ ಎಂದು ಹೇಳದ ಬಾಟಲಿಯಲ್ಲಿ ಬಹುಪಾಲು ಸೀಮೆಎಣ್ಣೆಯಂತಹ ವಾಹಕ ದ್ರವವೇ ಇರಬಹುದು. ಬಂಕಿನಲ್ಲಿ ಹೆಚ್ಚಿನ ಬೆಲೆಗೆ ಸಿಗುವ ಬ್ರ್ಯಾಂಡೆಡ್ ಪೆಟ್ರೋಲಿನಲ್ಲಿ ಡಿಟರ್ಜೆಂಟ್ ಮೊದಲೇ ಸೇರಿರುವುದರಿಂದ ಅದರ ಮೇಲೆ ಬಾಟಲಿಯನ್ನೂ ಸುರಿಯುವುದು ಎರಡು ಖರ್ಚು. ಆಕ್ಟೇನ್ ಹೆಚ್ಚಿದಷ್ಟೂ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. 9ರಿಂದ 10ರ ಆಸುಪಾಸಿನ ಸಂಕೋಚನ ಅನುಪಾತದ ಸ್ಕೂಟರ್ ಎಂಜಿನ್ನಿಗೆ ಸಾಮಾನ್ಯ ಪೆಟ್ರೋಲಿನ ಆಕ್ಟೇನೇ ಸಾಕು.

ಪ್ರಮಾಣದ ಬಗ್ಗೆ ಒಂದು ಲೆಕ್ಕ ಇಲ್ಲಿ ಅಗತ್ಯ. 60 ಲೀಟರಿಗೆಂದು ತಯಾರಾದ 300 ಮಿಲಿಲೀಟರಿನ ಕಾರಿನ ಬಾಟಲಿಯಿದ್ದರೆ, ಅದರ ಅರ್ಥ ಲೀಟರಿಗೆ 5 ಮಿಲಿಲೀಟರ್. 5.3 ಲೀಟರ್ ಹಿಡಿಯುವ ಆಕ್ಟಿವಾ ಟ್ಯಾಂಕಿಗೆ ಸುಮಾರು 26 ಮಿಲಿಲೀಟರ್, 4 ಲೀಟರಿನ ಎಕ್ಸೆಲ್ 100 ಟ್ಯಾಂಕಿಗೆ 20 ಮಿಲಿಲೀಟರ್ ಮಾತ್ರ ಬೇಕು. ಔಷಧಿಯ ಅಂಗಡಿಯಲ್ಲಿ ಸಿಗುವ ಸೂಜಿಯಿಲ್ಲದ ಸಿರಿಂಜು ಇದನ್ನು ಅಳೆಯಲು ತಕ್ಕದ್ದು. ಕಣ್ಣಂದಾಜಿನಲ್ಲಿ ಕಾಲು ಬಾಟಲಿ ಸುರಿದರೆ ಹೆಚ್ಚಾದ ಡಿಟರ್ಜೆಂಟ್ ಪೂರ್ತಿ ಉರಿಯದೆ ಸಿಲಿಂಡರಿನ ಗೋಡೆಯಿಂದ ಜಾರಿ ಎಂಜಿನ್ ಆಯಿಲಿಗೆ ಸೇರುತ್ತದೆ.

ಹಂಗಾಮು ಮುಗಿದಾಗ ಮಾಡಬೇಕಾದ ಕೆಲಸದಲ್ಲಿ ಖರ್ಚಿಲ್ಲದ ಭಾಗವೇ ದೊಡ್ಡದು. ಕಟರು, ಸ್ಪ್ರೇಯರಿನಂತಹ ಪ್ಲಾಸ್ಟಿಕ್ ಟ್ಯಾಂಕಿನ ಯಂತ್ರಗಳಲ್ಲಿ ಪೆಟ್ರೋಲನ್ನು ಪೂರ್ತಿ ಬಗ್ಗಿಸಿ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬೊರೇಟರಿಗೆ ಬಟ್ಟಲಿದ್ದರೆ ಅದರ ತಳದ ಸಣ್ಣ ತಿರುಪು ಸಡಿಲಿಸಿ ಉಳಿದ ಹನಿಗಳನ್ನೂ ಹೊರಬಿಟ್ಟರೆ ಅಂಟು ಕಟ್ಟಲು ಅಲ್ಲಿ ಏನೂ ಉಳಿಯುವುದಿಲ್ಲ. ತಗಡಿನ ಟ್ಯಾಂಕಿನ ಸ್ಕೂಟರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಇದಕ್ಕೆ ವಿರುದ್ಧವಾಗಿ ತಾಜಾ ಪೆಟ್ರೋಲ್ ಮತ್ತು ಸ್ಟೆಬಿಲೈಸರ್ ಹಾಕಿ ಟ್ಯಾಂಕನ್ನು ತುಂಬಿಡಬೇಕು, ಏಕೆಂದರೆ ಖಾಲಿ ಜಾಗದಲ್ಲಿ ತೇವದ ಗಾಳಿ ತಣಿದು ಒಳಮೈಗೆ ತುಕ್ಕು ಹಿಡಿಯುತ್ತದೆ. ರಸ್ತೆಬದಿಯ ಅಂಗಡಿಯಲ್ಲಿ ನೀರಿನ ಬಾಟಲಿಗೆ ತುಂಬಿ ಬಿಸಿಲಿಗಿಟ್ಟು ಮಾರುವ ಪೆಟ್ರೋಲ್ ಕಾನೂನಿಗೂ ಸಲ್ಲದು, ಎಂಜಿನ್ನಿಗೂ ಸಲ್ಲದು. ಬೆಳಕು, ಶಾಖ ಮತ್ತು ಬಾಟಲಿಯಲ್ಲುಳಿದ ನೀರಿನ ಹನಿ, ಹಳಸಲು ಬೇಕಾದ ಮೂರೂ ಅಲ್ಲಿ ಕೂಡಿರುತ್ತವೆ.

ಹಾಗಿದ್ದರೂ ಹಾಳಾದ ಪೆಟ್ರೋಲ್ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಹಳ್ಳಿಗಳಲ್ಲಿ ಸರಿಯಾದ ವ್ಯವಸ್ಥೆಯಿಲ್ಲ. ಒಂದೆರಡು ತಿಂಗಳು ಹಳೆಯದಾದರೂ ಪದರ ಒಡೆಯದೆ, ಬಣ್ಣ ಕಂದಿಗೆ ತಿರುಗದೆ ಇರುವ, 2ಟಿ ಆಯಿಲ್ ಬೆರೆಸದ ಪೆಟ್ರೋಲನ್ನು ಬಟ್ಟೆಯಲ್ಲಿ ಸೋಸಿ, ದಿನವೂ ಓಡುವ ಬೈಕಿನ ಹೆಚ್ಚುಕಡಿಮೆ ತುಂಬಿದ ಟ್ಯಾಂಕಿಗೆ ಸ್ವಲ್ಪ ಸ್ವಲ್ಪವಾಗಿ ಸೇರಿಸಿ ಮುಗಿಸಬಹುದು. ಪದರ ಒಡೆದದ್ದನ್ನು ಮಾತ್ರ ಎಂಜಿನ್ನಿಗೆ ಹಾಕದೆ, ಮುಚ್ಚಳ ಬಿಗಿಯಾದ ಲೋಹದ ಡಬ್ಬಿಯಲ್ಲಿ ಗುರುತು ಬರೆದು ಇಟ್ಟು, ಬಿಡಿಭಾಗ ತೊಳೆಯಲು ಅದನ್ನು ಬಳಸುವ ಗ್ಯಾರೇಜಿಗೆ ಕೊಡುವುದು ಸದ್ಯಕ್ಕಿರುವ ದಾರಿ. ಚರಂಡಿಗೋ ಹೊಲದ ಬದುವಿಗೋ ಸುರಿದರೆ ಅದರ ಬೆಂಜೀನಿನಂತಹ ಅಂಶಗಳು ಮಣ್ಣಿಗಿಳಿದು, ಎಥೆನಾಲ್ ಜೊತೆಗಿದ್ದಾಗ ಇನ್ನೂ ದೂರಕ್ಕೆ ಹರಡಿ, ಕುಡಿಯುವ ಬಾವಿಯ ನೀರನ್ನು ಮುಟ್ಟಬಲ್ಲವು.